ದೆದೆ ಚಿಕ್ಕಮ್ಮನ ಪುಟ

ಕುರಿಚೀಬಾ, 26 ಫೆಬ್ರವರಿ 2007

ಪ್ರೀತಿಯ ದೆದೆ ಅಕ್ಕ,

ಪುಸ್ತಕ ಬಂತು! ಅಚ್ಚಿನ ವಾಸನೆ ಇನ್ನೂ ಹೋಗಿಲ್ಲ, ಆಗಲೇ ನಿನಗೊಂದು ಪ್ರತಿ ಕಟ್ಟಿಸಿ ಕಳಿಸಿದ್ದೇನೆ. ಅಂಚೆಯವನಿಗಿಂತ ಮುಂಚೆ ಅದು ನಿನ್ನ ಶಾಲೆಗೇ ತಲುಪಿದರೂ ತಲುಪೀತು. ಈ ವರ್ಷ ನಿಮ್ಮ ಕಡೆಯ ಸರ್ಕಾರಿ ಶಾಲೆಗಳೂ ನಮ್ಮ ಪುಸ್ತಕವನ್ನೇ ತೆಗೆದುಕೊಂಡಿವೆಯಂತೆ. ನಾನು ಬರೆದ ಪುಸ್ತಕದಿಂದ ನೀನು ಇಂಗ್ಲಿಷ್ ಪಾಠ ಮಾಡುತ್ತೀಯ ಅನ್ನುವುದನ್ನು ನೆನೆಸಿಕೊಂಡರೆ ನಗು ಬರುತ್ತದೆ. ನನಗೆ ಮೊದಲ ಇಂಗ್ಲಿಷ್ ಪದ ಹೇಳಿಕೊಟ್ಟವಳು ನೀನು.

ಮೊದಲು ನಾಲ್ಕನೆಯ ಪಾಠ ತೆಗೆ. ಎಣಿಸಬಹುದಾದ ನಾಮಪದ, ಎಣಿಸಲಾಗದ ನಾಮಪದ. ಇಡೀ ಬ್ರೆಜಿಲ್ ಮುಗ್ಗರಿಸುವುದು ಅಲ್ಲೇ, ಯಾಕೆಂದರೆ ನಮ್ಮ ಪೋರ್ಚುಗೀಸಿನಲ್ಲಿ ಎಣಿಸದೆ ಬಿಟ್ಟದ್ದು ಕಡಿಮೆ. ಈ ನಿಯಮ ಓದುವಾಗ ಮಕ್ಕಳು ಆಕಳಿಸುತ್ತಾರೆ ಅಂತ ನಾನು ಒಬ್ಬ ಹೆಂಗಸನ್ನು ಬೇಕರಿಗೆ ಕಳಿಸಿದ್ದೇನೆ. ಯಾರು ಅಂತ ನಿನಗೇ ತಿಳಿಯುತ್ತದೆ. ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಗುತ್ತೀಯ.

ಅಮ್ಮನಿಗೂ ಆ ಚಿತ್ರ ತೋರಿಸು.

ನಿನ್ನ ನೇನಾ


ಕರುವಾರು, 19 ಮಾರ್ಚ್ 2007

ಎದಿಲೇನಿಗೆ,

ನೇನಾ ಅಂತ ಬರೆಯಲು ಕೈ ಬರುತ್ತಿಲ್ಲ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸಮಾಧಾನ ಮಾಡುತ್ತೇನೆ, ನನ್ನ ಸಿಟ್ಟು ಹಾಗೇ ಹೊಟ್ಟೆಯೊಳಗೆ ಉಳಿಯುತ್ತದೆ. ಕಾಗದದಲ್ಲಿ ಯಾರೂ ಯಾರನ್ನೂ ಸಮಾಧಾನ ಮಾಡಬೇಕಾಗಿಲ್ಲ.

ಪುಸ್ತಕದ ಕಟ್ಟು ಶಾಲೆಗೆ ಬಂತು. ನಾನೇ ದಾರ ಬಿಚ್ಚಿ ಏಳನೇ ತರಗತಿಗೆ ಹಂಚಿದೆ. ಇದನ್ನು ಬರೆದವಳು ನನ್ನ ತಂಗಿ ಅಂತ ಎದೆಯುಬ್ಬಿಸಿ ಹೇಳಿದೆ. ನೀನು ಹೇಳಿದ ಹಾಗೆ ನಾಲ್ಕನೆಯ ಪಾಠವನ್ನೇ ಮೊದಲು ತೆಗೆಸಿದೆ. ಅಲ್ಲಿ ಒಬ್ಬ ದಪ್ಪ ಹೆಂಗಸು. ಕಾಲಲ್ಲಿ ರಬ್ಬರ್ ಚಪ್ಪಲಿ, ತಲೆಯಲ್ಲಿ ಕ್ಲಿಪ್ಪು, ಬೇಕರಿಯ ತಕ್ಕಡಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ. ಚಿತ್ರದ ಕೆಳಗೆ ಹೆಸರು: ಆಂಟ್ ದೆದೆ. ‘ಐ ವಾಂಟ್ ಸಿಕ್ಸ್ ಬ್ರೆಡ್ಸ್’ ಅಂತ ಕಿರುಚುತ್ತಾಳೆ. ಬೇಕರಿಯವನು ತೂಗುತ್ತಾನೆ. ಆರು ಕೇಳಿದರೆ ತೂಗುವುದೇಕೆ ಅಂತ ಇವಳು ಅವನ ಮೇಲೆ ಹಾರಿ ಬೀಳುತ್ತಾಳೆ.

ಕಳೆದ ವರ್ಷ ಬ್ರೆಡ್ಡನ್ನು ತೂಕಕ್ಕೇ ಮಾರಬೇಕು ಅಂತ ಕಾನೂನು ಬಂದಾಗ ಅದೌತು ಯಜಮಾನರ ಅಂಗಡಿಯಲ್ಲಿ ನಾನು ಜಗಳ ಆಡಿದ್ದು ನಿಜ. ಊರಿಗೆ ಊರೇ ಆಡಿತು. ಈಗಲೂ ಎಲ್ಲರೂ ಕೇಳುವುದು ಆರು, ಎಂಟು ಅಂತಲೇ, ಅವರು ಕೊಡುವುದು ತೂಗಿಯೇ. ಅದನ್ನು ನಾನು ನೀನು ನಗಲಿ ಅಂತ ಬರೆದಿದ್ದೆ, ನಿನಗೆ ಮಾತ್ರ. ಅದನ್ನೆತ್ತಿ ಅಚ್ಚು ಹಾಕಿಸಿದ್ದೀಯ, ನಾಚಿಕೆಯಾಗಲಿಲ್ಲವೆ?

ನೀನು ಇಂಗ್ಲಿಷ್ ಕಲಿತ ಪೇಟೆಯ ಕೋರ್ಸಿನಲ್ಲಿ ಮೇಷ್ಟರನ್ನು ಹೆಸರು ಹಿಡಿದು ಕರೆಯುತ್ತಾರೇನೋ. ಇಲ್ಲಿ ಟೀಚರಮ್ಮ ಅಂದರೆ ಚಿಕ್ಕಮ್ಮ. ಗೇಟಿನವನಿಂದ ಹಿಡಿದು ಅಡುಗೆಯವಳ ಮೊಮ್ಮಗಳವರೆಗೆ ಎಲ್ಲರಿಗೂ ನಾನು ದೆದೆ ಚಿಕ್ಕಮ್ಮ. ನೀನೂ ಇದೇ ಶಾಲೆಯಲ್ಲಿ ಓದಿದವಳು, ಅದು ಹೇಗೆ ಮರೆತೆ? ಮುಂದಿನ ಬೆಂಚಿನಲ್ಲಿ ಕೂರುವ ತೈನಾರ ಅನ್ನುವ ಹುಡುಗಿ ಎದ್ದು ನಿಂತು, “ಚಿಕ್ಕಮ್ಮಾ, ಇವ್ರು ಥೇಟ್ ನಿಮ್ ಥರಾನೇ ಮಾತಾಡ್ತಾರೆ!” ಅಂದಳು. ಚುಚ್ಚಿ ಹೇಳಿದ್ದಲ್ಲ, ಪರಿಚಯದವರು ಸಿಕ್ಕಿದರು ಅನ್ನುವ ಖುಷಿಯಿಂದ ಹೇಳಿದ್ದು. ತರಗತಿ ಹೋ ಅಂತ ನಕ್ಕಿತು. ಹಿಂದಿನಿಂದ ಒಬ್ಬ, “ಚಿಕ್ಕಮ್ಮ, ಬ್ರೆಡ್ ತಂದ್ರಾ?” ಅಂದ. ಅವತ್ತಿನಿಂದ ನಾನು ಬಾಗಿಲು ದಾಟಿ ಒಳಗೆ ಬಂದರೆ ಸಾಕು, ಯಾರೋ ಕಿಸಕ್ ಅನ್ನುತ್ತಾರೆ.

ಇನ್ನೊಂದು ವಿಷಯ. ಸಂಭಾಷಣೆಯ ಕೆಳಗೆ ಆ ಹೆಂಗಸು ಆಡಿದ ವಾಕ್ಯಗಳಿಗೆಲ್ಲ ಕೆಂಪು ಕಾಟು ಬಿದ್ದಿದೆ. ‘ಮೆನಿ ಅಡ್ವೈಸಸ್’ಗೆ ಕಾಟು, ‘ಆ್ಯನ್ ಇನ್ಫರ್ಮೇಶನ್’ಗೆ ಕಾಟು, ‘ನ್ಯೂ ಫರ್ನಿಚರ್ಸ್’ಗೂ ಕಾಟು. ಸರಿ ಇರುವುದಕ್ಕೆಲ್ಲ ತಪ್ಪಿನ ಗುರುತು ಹಾಕಿ ಅಚ್ಚಿನವರು ತಲೆಕೆಳಗು ಮಾಡಿದ್ದಾರೆ. ಮಕ್ಕಳು ಗೊಂದಲಕ್ಕೆ ಬೀಳಬಾರದು ಅಂತ ಎಲ್ಲರ ಪುಸ್ತಕದಲ್ಲೂ ನೀಲಿ ಪೆನ್ನಿನಿಂದ ತಿದ್ದಿಸಿದ್ದೇನೆ. ನಿಮ್ಮ ಪ್ರಕಾಶಕರಿಗೆ ಹೇಳಿ ಸರಿ ಮಾಡಿಸು. ಆ ಹೆಂಗಸಿನ ಹೆಸರನ್ನೂ ಕಿತ್ತುಹಾಕಿಸು.

ಅಮ್ಮನಿಗೆ ಚಿತ್ರ ತೋರಿಸಿಲ್ಲ.

ಗಿಲ್ದೇತಿ


ಕುರಿಚೀಬಾ, 9 ಏಪ್ರಿಲ್ 2007

ಅಕ್ಕಾ,

ಬರೆದು ಬರೆದು ಹರಿದು ಹಾಕಿದೆ, ಅದಕ್ಕೇ ತಡವಾಯಿತು.

ಮಕ್ಕಳು ನಿನ್ನನ್ನು ಹಾಗೆ ಕರೆಯುತ್ತಾರೆ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ, ದೇವರಾಣೆ. ನಾನು ಓದುವಾಗ ನಿನ್ನನ್ನು ಗಿಲ್ದೇತಿ ಚಿಕ್ಕಮ್ಮ ಅನ್ನುತ್ತಿದ್ದರು. ದೆದೆ ಅನ್ನುವುದು ನಮ್ಮ ಮನೆಯ ನಾಲ್ಕು ಗೋಡೆಯೊಳಗಿನ ಹೆಸರು, ಹೊರಗೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದೆ. ಅವಮಾನ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಆ ಹೆಂಗಸೇ ಪುಸ್ತಕದ ಜೀವ. ಬೇರೆ ಬೇರೆ ಊರಿನ ಮೇಷ್ಟರುಗಳು, ಆಂಟ್ ದೆದೆಯಿಂದಾಗಿ ಮಕ್ಕಳು ಪಾಠ ಕೇಳುತ್ತಿದ್ದಾರೆ ಅಂತ ಬರೆಯುತ್ತಿದ್ದಾರೆ. ಇಷ್ಟು ಜನ ಮೆಚ್ಚಿದವಳನ್ನು ಒಂದು ಮಾತಿಗೆ ಕಿತ್ತುಹಾಕಿ ಅಂದರೆ ಇಲ್ಲಿ ಯಾರು ಕೇಳುತ್ತಾರೆ? ಮೊದಲ ಮುದ್ರಣ ಖರ್ಚಾಗಲಿ, ಆಮೇಲೆ ನೋಡೋಣ.

ಕೆಂಪು ಗುರುತಿನ ವಿಷಯ ಸಂಪಾದಕರ ಹತ್ತಿರ ಮಾತಾಡುತ್ತೇನೆ. ಅಲ್ಲಿಯವರೆಗೆ ಆ ಪಾಠವನ್ನು ಬಿಟ್ಟುಬಿಡು. ಐದನೆಯದಕ್ಕೆ ಹೋಗು, ಅದು ಸುಲಭ.

ಈಸ್ಟರ್ ಹಬ್ಬ ಹೇಗಾಯಿತು? ಅಮ್ಮ ತೆಂಗಿನಹಾಲಿನ ಮೀನು ಮಾಡಿದಳಾ? ಇಲ್ಲಿ ನಾನು ಒಬ್ಬಳೇ ಡಬ್ಬಿಯ ಮೀನು ತಿಂದೆ.

ನೇನಾ


ಕರುವಾರು, 7 ಮೇ 2007

ಎದಿಲೇನಿಗೆ,

ಮೀನಿನ ವಿಷಯ ಆಮೇಲೆ.

ವಲಯ ಕಚೇರಿಯ ಮೇಲ್ವಿಚಾರಕಿ ಮಿರ್ತೀಸ್ ಮೇಡಂ ತಪಾಸಣೆಗೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತು ಒಬ್ಬ ಹುಡುಗನ ಪುಸ್ತಕ ತಿರುವಿದರು, ಪಕ್ಕದವನದನ್ನೂ ತಿರುವಿದರು. “ಟೀಚರ್, ಇದನ್ನ ತಿದ್ದಿಸಿದ್ದು ಯಾರು?” ಅಂದರು. ನಾನು ತಲೆ ಎತ್ತಿ, “ನಾನೇ ಮೇಡಂ, ಅಚ್ಚಿನ ತಪ್ಪು” ಅಂದೆ. ಬರೆದವಳು ನನ್ನ ತಂಗಿ, ಅವಳಿಗೂ ತಿಳಿಸಿದ್ದೇನೆ ಅಂತ ಬೇರೆ ಸೇರಿಸಿದೆ. ಆಕೆ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ, ನನಗೆ ಬಾಯಿ ಇದೆ. ಆಕೆ ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, “ಅಚ್ಚು ಸರಿಯಾಗೇ ಇದೆಯಮ್ಮ” ಅಂದು ಹಲಗೆಯ ಮೇಲೆ ನನಗೆ ಪಾಠ ಮಾಡಿದರು. ನನ್ನ ಮಕ್ಕಳ ಮುಂದೆ, ನನ್ನ ತರಗತಿಯಲ್ಲಿ.

ಇಂಗ್ಲಿಷಿನಲ್ಲಿ ಬುದ್ಧಿಮಾತನ್ನು ಎಣಿಸುವುದಿಲ್ಲವಂತೆ. ಮಾಹಿತಿಯನ್ನು ಎಣಿಸುವುದಿಲ್ಲ, ಮೇಜು ಕುರ್ಚಿಗಳನ್ನು ಒಟ್ಟಾಗಿ ಕರೆಯುವ ಪದವನ್ನೂ ಎಣಿಸುವುದಿಲ್ಲ, ಬ್ರೆಡ್ಡನ್ನೂ ಇಲ್ಲ. ನಾನು ಓದಿದ್ದು ಪೋರ್ಚುಗೀಸ್ ಕಲಿಸುವುದಕ್ಕೆ. ವಾರದ ಪಾಠಗಳು ಕಡಿಮೆ ಬಿದ್ದವು ಅಂತ ಇಂಗ್ಲಿಷನ್ನು ನನ್ನ ತಲೆಗೆ ಕಟ್ಟಿದರು. ಒಂದು ಸಣ್ಣ ನಿಘಂಟು, ಒಂದಿಷ್ಟು ಹಳೆಯ ಕ್ಯಾಸೆಟ್ಟು ಇಟ್ಟುಕೊಂಡು ನಾನೇ ಕಲಿತೆ. ಆ ನಿಘಂಟಿನಲ್ಲಿ ಅರ್ಥ ಇತ್ತು, ಇದು ಇರಲಿಲ್ಲ. ನಮ್ಮ ಭಾಷೆಯಲ್ಲಿ ಎಣಿಸುತ್ತೇವೆ, ಅದರಲ್ಲೂ ಎಣಿಸಿದೆ.

ಆದರೆ ನೀನು? ನೀನು ಓದಿ ಬಂದವಳು. ನಾನು ತಪ್ಪು ಮಾತಾಡುತ್ತೇನೆ ಅಂತ ನಿನಗೆ ಗೊತ್ತಿತ್ತು. ಹದಿನೈದು ವರ್ಷದಿಂದ ಗೊತ್ತಿತ್ತು. ಪ್ರತಿ ರಜೆಗೂ ಬಂದು, ನನ್ನ ಪಕ್ಕ ಕೂತು, ನಾನು ನಾಳೆಯ ಪಾಠ ಗಟ್ಟಿಯಾಗಿ ಓದಿಕೊಳ್ಳುವುದನ್ನು ಕೇಳುತ್ತ ಕಾಫಿ ಕುಡಿದು ಎದ್ದು ಹೋದೆ. ನನಗೆ ಹೇಳಲಿಲ್ಲ, ದೇಶಕ್ಕೆ ಹೇಳಿದೆ.

ಮಾರ್ಚಿನಲ್ಲಿ ನಾನು ನೀಲಿ ಪೆನ್ನಿನಲ್ಲಿ ತಿದ್ದಿಸಿದೆ ಅಂತ ಬರೆದಾಗಲಾದರೂ ಬಾಯಿ ಬಿಡಬಹುದಿತ್ತು. ಆಗ ಹೇಳಿದ್ದರೆ ಆಕೆ ಬರುವ ಮುಂಚೆ ನಾನೇ ಮಕ್ಕಳಿಗೆ ಹೇಳಿ ಮುಖ ಉಳಿಸಿಕೊಳ್ಳುತ್ತಿದ್ದೆ. ಸಂಪಾದಕರ ಹತ್ತಿರ ಮಾತಾಡುತ್ತೀಯಂತೆ, ಸಂಪಾದಕರ ಹತ್ತಿರ! ಐದನೆಯ ಪಾಠಕ್ಕೆ ಹೋಗಬೇಕಂತೆ! ನಿನ್ನಂಥ ಹೇಡಿಯನ್ನು ನಾನು ಕಂಡಿಲ್ಲ.

ಗಿಲ್ದೇತಿ


ಕುರಿಚೀಬಾ, 21 ಮೇ 2007

ಅಕ್ಕಾ,

ಹೇಡಿ ಅಂದೆ. ಆಗಲಿ. ಈಗ ನನ್ನದನ್ನೂ ಕೇಳು.

ನಾನು ನಿನಗೆ ಹೇಳಿದ್ದೆ. ಒಂದೇ ಒಂದು ಸಲ, ಹದಿನಾಲ್ಕನೇ ವಯಸ್ಸಿನಲ್ಲಿ. ಪೇಟೆಯ ಇಂಗ್ಲಿಷ್ ಕೋರ್ಸಿನಲ್ಲಿ ನನಗೆ ಉಚಿತ ಸೀಟು ಸಿಕ್ಕಿತ್ತಲ್ಲ, ಆ ವರ್ಷ. ಎಲ್ಲರೂ ಊಟಕ್ಕೆ ಕೂತಿದ್ದೆವು. “ಅಕ್ಕಾ, ಅಡ್ವೈಸಸ್ ಅನ್ನಬಾರ್ದಂತೆ” ಅಂದೆ. ನೀನು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದೆ. ಒಂದು ವಾರ ನನ್ನ ಜೊತೆ ತುಟಿ ಬಿಚ್ಚಲಿಲ್ಲ. ಅಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಅಕ್ಕನ ದುಡಿಮೆ ತಿಂದು ಅಕ್ಕನಿಗೇ ಪಾಠ ಹೇಳ್ತೀಯಾ? ನಾಲಿಗೆ ಹಿಡ್ಕೋ” ಅಂದಳು. ಹಿಡಿದುಕೊಂಡೆ. ಅವತ್ತಿನಿಂದ ಹಿಡಿದುಕೊಂಡೇ ಇದ್ದೇನೆ.

ನಿನ್ನ ಮುಂದೆ ಬಾಯಿ ಬಿಡುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು ಹೇಳು. ಅಪ್ಪ ಹೋದಮೇಲೆ ಮನೆ ನಡೆಸಿದವಳು ನೀನು, ನಮ್ಮ ಬೀದಿಯಲ್ಲಿ ಟೀಚರ್ ಅನ್ನಿಸಿಕೊಂಡವಳು ನೀನು. ರೊಟ್ಟಿ ಸೀದರೆ ನಿನ್ನ ಮುಖ ನೋಡುತ್ತಿದ್ದೆವು, ಮಳೆ ಬರದಿದ್ದರೂ ನಿನ್ನ ಮುಖ ನೋಡುತ್ತಿದ್ದೆವು. ಈಗ ನಾನೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಕೇಳಿಸಿಕೊಳ್ಳುವವಳು ನೀನು ಯಾವತ್ತು ಆಗಿದ್ದೆ?

ಮಾರ್ಚಿನ ಕಾಗದಕ್ಕೆ ಉತ್ತರ ಬರೆಯಲು ಕೂತಾಗಲೂ ಆ ತಟ್ಟೆಯೇ ಕಣ್ಣ ಮುಂದೆ ಬಂತು. ನಿನಗೆ ಗೌರವ ಕೊಟ್ಟೆ, ತಪ್ಪಾಯಿತು.

ನೇನಾ


ಕರುವಾರು, 11 ಜೂನ್ 2007

ನೇನಾ,

ಆ ವಾರ ನನ್ನ ದವಡೆ ಹಲ್ಲು ಕೀಳಿಸಿದ್ದೆ, ಹುಚ್ಚಿ! ಮುಖ ಬನ್ನಿನ ಹಾಗೆ ಊದಿತ್ತು, ನೀರು ಕುಡಿಯಲೂ ಆಗುತ್ತಿರಲಿಲ್ಲ. ಅದಕ್ಕೆ ತಟ್ಟೆ ಸರಿಸಿದ್ದು, ಅದಕ್ಕೆ ಮಾತು ಬಿಟ್ಟಿದ್ದು. ನೀನು ಏನೋ ಹೇಳಿದ್ದು ನನ್ನ ಕಿವಿಗೆ ಬಿದ್ದ ನೆನಪೇ ಇಲ್ಲ. ಅಮ್ಮನನ್ನು ಕೇಳಿದೆ. ಹಲ್ಲಿನದು ನೆನಪಿದೆಯಂತೆ, ಅಡುಗೆಮನೆಯದು ನೆನಪಿಲ್ಲವಂತೆ. ಒಂದು ಹಲ್ಲಿನ ಮೇಲೆ ಹದಿನೈದು ವರ್ಷದ ಗೌರವ ಕಟ್ಟಿದ್ದೀಯ. ಆ ಗೌರವ ನನಗೆ ಬೇಡ. ಅಡುಗೆಯಲ್ಲಿ ಉಪ್ಪು ಜಾಸ್ತಿಯಾಗಿದೆ ಅಂತ ಹೇಳದೆ ಉಂಡೆದ್ದು, ಆಮೇಲೆ ಬೀದಿಯವರಿಗೆಲ್ಲ ಹೇಳುವುದನ್ನು ನಮ್ಮ ಮನೆಯಲ್ಲಿ ಗೌರವ ಅನ್ನುತ್ತಿರಲಿಲ್ಲ.

ಮಿರ್ತೀಸ್ ಹೋದ ಮಾರನೆಯ ದಿನ ಶಾಲೆಗೆ ಹೋಗಲು ಕಾಲೇ ಬರಲಿಲ್ಲ, ಆದರೂ ಹೋದೆ. ನೀಲಿಯ ಕೆಳಗಿರುವ ಕೆಂಪೇ ಸರಿ, ನಾನು ಹೇಳಿದ್ದು ತಪ್ಪು ಅಂತ ಮಕ್ಕಳಿಗೆ ಹೇಳಿದೆ. ತೈನಾರ ಕೈ ಎತ್ತಿ, “ಹಂಗಾದ್ರೆ ಹೋದ ವರ್ಷ ಕಲಿಸಿದ್ದು?” ಅಂದಳು. “ಅದೂ ತಪ್ಪು” ಅಂದೆ. “ಅದಕ್ಕೂ ಮುಂಚೆ ನಮ್ಮಕ್ಕಂಗೆ ಕಲಿಸಿದ್ದು?” ಅಂದಳು. ನೇನಾ, ಆ ಪ್ರಶ್ನೆಗೆ ನಿಂತುಕೊಂಡು ಉತ್ತರ ಹೇಳುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಾಗುವುದಿಲ್ಲ.

ಆಮೇಲೆ ಎಲ್ಲರನ್ನೂ ಅದೌತು ಯಜಮಾನರ ಅಂಗಡಿಗೆ ಕರೆದುಕೊಂಡು ಹೋದೆ. ದೂರದಿಂದಲೇ ನೋಡಿ, “ಏನ್ ಟೀಚರಮ್ಮ, ಈ ಸಲ ಜಗಳಕ್ಕೆ ಪಡೆ ಕಟ್ಕೊಂಡು ಬಂದ್ರಾ?” ಅಂದರು. ಗಿರಾಕಿಗಳು ಏನು ಕೇಳುತ್ತಾರೆ, ಯಜಮಾನರು ಏನು ಮಾಡುತ್ತಾರೆ ಅಂತ ಮಕ್ಕಳನ್ನು ಬರಿದೇ ನೋಡುತ್ತ ನಿಲ್ಲಿಸಿದೆ. “ಕೇಳೋರು ಎಣಿಸ್ತಾರೆ, ಕೊಡೋರು ತೂಗ್ತಾರೆ. ನಾವು ಕೌಂಟರಿನ ಈ ಕಡೆ ನಿಂತು ಮಾತಾಡ್ತೀವಿ, ಇಂಗ್ಲಿಷಿನವರು ಆ ಕಡೆ ನಿಂತು ಮಾತಾಡ್ತಾರೆ, ಅಷ್ಟೇ” ಅಂದೆ. ಬುದ್ಧಿಮಾತು, ಮಾಹಿತಿ, ಸಾಮಾನು ಎಲ್ಲವನ್ನೂ ಅದೇ ತಕ್ಕಡಿಗೆ ಹಾಕಿ ವಿವರಿಸಿದೆ. ಅರ್ಥವಾಯಿತು. ನಿನ್ನ ಬಣ್ಣದ ಪುಟಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು.

ಆದರೂ ಕಿಸಕ್ ಅನ್ನುವುದು ನಿಂತಿಲ್ಲ. ಪುಸ್ತಕದಲ್ಲಿ ಆ ಹೆಂಗಸು ಇರುವವರೆಗೆ ನಿಲ್ಲುವುದೂ ಇಲ್ಲ. ಜುಲೈ ರಜೆಗೆ ಮೊದಲು ಬಾ. ನನ್ನ ತರಗತಿಯಲ್ಲಿ ನಿಂತು, ಇದನ್ನು ನಾನು ನನ್ನ ಅಕ್ಕನಿಗೆ ಹೇಳದೆ ಕೇಳದೆ ಬರೆದೆ, ನನ್ನದು ತಪ್ಪು ಅಂತ ಆ ಮಕ್ಕಳಿಗೆ ಹೇಳು. ಜೂನ್ ಹಬ್ಬಕ್ಕೆ ಮನೆ ಮುಂದೆ ಸೌದೆ ಒಟ್ಟಿ ಬೆಂಕಿ ಹಾಕುವ ಹೊತ್ತಿಗೆ ಬಂದರೆ ಅಮ್ಮನಿಗೂ ಖುಷಿ. ನನಗೆ ಬೇರೇನೂ ಬೇಡ.

ಗಿಲ್ದೇತಿ


ಕುರಿಚೀಬಾ, 13 ಆಗಸ್ಟ್ 2007

ಅಕ್ಕಾ,

ನಾನು ಬರಲಿಲ್ಲ. ಟಿಕೆಟ್ ಸಿಗಲಿಲ್ಲ ಅಂತ ಅಮ್ಮನಿಗೆ ಹೇಳಿದ್ದು ಸುಳ್ಳು. ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ ಬಂದೆ. ಆ ತರಗತಿಯಲ್ಲಿ ನಿಂತರೆ ನನ್ನ ಬಾಯಿಂದ ಏನು ಬರುತ್ತದೋ ಅಂತ ಭಯವಾಯಿತು.

ನಿನಗೆ ಬರೆಯದ ಇನ್ನೊಂದು ವಿಷಯ ಇದೆ. ಕುರಿಚೀಬಾಕ್ಕೆ ಬಂದ ಹೊಸತರಲ್ಲಿ ಈ ಕೆಲಸದ ಸಂದರ್ಶನಕ್ಕೆ ಹೋಗಿದ್ದೆನಲ್ಲ, ತುಂಬ ಚೆನ್ನಾಗಾಯಿತು ಅಂತ ನಿನಗೆ ಬರೆದಿದ್ದೆನಲ್ಲ. ಚೆನ್ನಾಗಿ ಆಗಲಿಲ್ಲ. ಉದ್ದ ಮೇಜು, ಎದುರಿಗೆ ಟೈ ಕಟ್ಟಿದವರು. ನನಗೆ ಎಲ್ಲ ನಿಯಮ ಬಾಯಿಪಾಠವಿತ್ತು. ಆದರೆ ಹೆದರಿಕೆಯಾದಾಗ ನನ್ನ ಬಾಯಿಗೆ ಬರುವುದು ನೀನು ಕಲಿಸಿದ ಇಂಗ್ಲಿಷೇ. ‘ಮೈ ಸಿಸ್ಟರ್ ಗೇವ್ ಮಿ ಮೆನಿ ಅಡ್ವೈಸಸ್’ ಅಂದೆ. ಒಬ್ಬ ನಕ್ಕ. ಪಕ್ಕದವಳು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕಳು. “ಈಶಾನ್ಯದವ್ರು, ಅಲ್ವಾ?” ಅಂದರು, ಈ ದಕ್ಷಿಣದವರು ನಮ್ಮ ಕಡೆಯವರನ್ನು ಹಂಗಿಸುವ ದನಿಯಲ್ಲಿ. ಅವತ್ತು ಕೆಲಸ ಸಿಗಲಿಲ್ಲ. ಮರುವರ್ಷ ಮತ್ತೆ ಹೋಗಿ, ಅದೇ ಜನರ ಹತ್ತಿರ ಕೆಲಸ ತೆಗೆದುಕೊಂಡೆ.

ಆ ಪುಟ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಮೇಜು, ನೀನಲ್ಲ. ತಪ್ಪೆಲ್ಲ ನನ್ನವೇ. ನನ್ನ ಹೆಸರು ಹಾಕಿಕೊಳ್ಳುವ ಧೈರ್ಯ ಇರಲಿಲ್ಲ, ನಿನ್ನ ಹೆಸರು ಹಾಕಿದೆ. ನೀನು ಗಟ್ಟಿ, ನಿನಗೆ ಏನೂ ಆಗುವುದಿಲ್ಲ ಅಂದುಕೊಂಡೆ.

ಎರಡನೆಯ ಮುದ್ರಣಕ್ಕೆ ಜಗಳ ಆಡಿ ಹೆಸರು ಬದಲಾಯಿಸಿದ್ದೇನೆ. ಶಾಲೆಗೆ ಹೊಸ ಪ್ರತಿಗಳು ಬರುತ್ತವೆ. ನಾಲ್ಕನೆಯ ಪಾಠ ನೋಡು. ಚಪ್ಪಲಿ, ಕ್ಲಿಪ್ಪು ಎಲ್ಲ ಹಾಗೇ ಇದೆ, ಕೆಳಗೆ ಮಾತ್ರ ಆಂಟ್ ನೇನಾ ಅಂತಿದೆ. ನೀನು ಕೇಳಿದ್ದು ಇದಲ್ಲ, ಗೊತ್ತು. ನನ್ನ ಕೈಲಾದದ್ದು ಇಷ್ಟೇ.

ನೇನಾ


ಕರುವಾರು, 10 ಸೆಪ್ಟೆಂಬರ್ 2007

ನೇನಾ,

ನಿನಗೆ ತಲೆ ನೆಟ್ಟಗಿದೆಯಾ?

ಹೊಸ ಪುಸ್ತಕ ಬಂತು. ಹಂಚಿದೆ. ಮಕ್ಕಳಿಗೆ ಈಗ ನಿಯಮ ಸರಿಯಾಗಿ ಗೊತ್ತು, ಹಾಗಾಗಿ ಮೊದಲಿಗಿಂತ ಜೋರಾಗಿ ನಕ್ಕರು. “ಅಯ್ಯೋ ನೇನಾ ಚಿಕ್ಕಮ್ಮ, ಇಷ್ಟೂ ಗೊತ್ತಿಲ್ವಾ!” ಅಂತ ಒಬ್ಬ ಸೊಂಟಕ್ಕೆ ಕೈ ಕೊಟ್ಟು ಕುಣಿದ. ನನ್ನನ್ನು ನೋಡಿ ಯಾರೂ ನಗಲಿಲ್ಲ. ಮಾರ್ಚ್ ತಿಂಗಳಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ ತಾನೆ? ಹಾಯಾಗಿ ಪಾಠ ಮುಂದುವರಿಸಬೇಕಿತ್ತು.

ನನ್ನ ಮೈಯೆಲ್ಲ ಉರಿಯಿತು. ಡಸ್ಟರನ್ನು ಮೇಜಿನ ಮೇಲೆ ಕುಕ್ಕಿದೆ, ಸೀಮೆಸುಣ್ಣದ ಪುಡಿ ಮೂಗಿಗೆ ಹೊಡೆಯಿತು. “ಯಾರ್ರೋ ನಕ್ಕಿದ್ದು? ಅವಳು ನನ್ನ ತಂಗಿ. ಅವಳಿಗೆ ಇದನ್ನೆಲ್ಲ ಹೇಳಿಕೊಟ್ಟಿದ್ದು ನಾನು. ನಗೋದಿದ್ರೆ ಇಲ್ಲಿ, ನನ್ನ ಮುಖ ನೋಡ್ಕೊಂಡು ನಗಿ!” ಅಂದೆ. ತೈನಾರ ಮಾತ್ರ ಸಣ್ಣ ದನಿಯಲ್ಲಿ, “ಅವ್ರ ಮೇಲೆ ಕೋಪ ಇರ್ಲಿಲ್ವಾ ಚಿಕ್ಕಮ್ಮ ನಿಮಗೆ?” ಅಂದಳು. ಇದೆ, ಬೆಟ್ಟದಷ್ಟಿದೆ, ಅದು ನಮ್ಮ ಮನೆ ವಿಷಯ, ನೀನು ಕೂತ್ಕೋ ಅಂದೆ.

ನಾನೂ ನಿನಗೆ ಬರೆಯದ ವಿಷಯ ಒಂದಿದೆ. ಬರುವ ಫೆಬ್ರವರಿಗೆ ಹೊಸ ಶಾಲಾ ವರ್ಷ ಶುರುವಾದರೆ ನನಗೆ ಇಂಗ್ಲಿಷ್ ಇಲ್ಲ, ಭೂಗೋಳ. ಮಿರ್ತೀಸ್ ಮೇ ತಿಂಗಳಲ್ಲೇ ತೀರ್ಮಾನ ಮಾಡಿ ಹೋದರು. ನೀನು ಅಳುತ್ತೀಯ ಅಂತಲ್ಲ, ಬರೆಯಲು ಕೂತರೆ ನನಗೇ ಅಳು ಬರುತ್ತಿತ್ತು, ಅದಕ್ಕೆ ಬರೆಯಲಿಲ್ಲ. ತಪ್ಪೋ ಸರಿಯೋ, ಆ ಭಾಷೆಯನ್ನು ನಾನು ಒಬ್ಬಳೇ ಕೂತು ಕಲಿತಿದ್ದೆ. ಡಿಸೆಂಬರ್‌ವರೆಗೆ ಆ ತರಗತಿ ನನ್ನದು. ಅಲ್ಲಿಯವರೆಗೆ ಅಲ್ಲಿ ಯಾರೂ ನಿನ್ನನ್ನು ನೋಡಿ ನಗುವುದಿಲ್ಲ, ನಾನು ಬಿಡುವುದೂ ಇಲ್ಲ.

ಈಗ ನಾನು ಹೇಳುವುದನ್ನು ಮಾಡು. ಮೂರನೆಯ ಮುದ್ರಣದಲ್ಲಿ ನಿನ್ನ ಹೆಸರು ತೆಗೆದು ನನ್ನ ಹೆಸರು ವಾಪಸ್ ಹಾಕು. ಈ ಸಲ ನನ್ನನ್ನು ಕೇಳಿ ಹಾಕುತ್ತಿದ್ದೀಯ, ನಾನು ಒಪ್ಪಿದ್ದೇನೆ. ಆ ತಪ್ಪುಗಳನ್ನು ದುಡಿದು ಸಂಪಾದಿಸಿದವಳು ನಾನು, ನೀನು ಹೊತ್ತುಕೊಂಡು ತಿರುಗಬೇಡ. ಹೆಸರಿನ ಜೊತೆ ಟೀಚರ್ ಅಂತಲೂ ಹಾಕು. ಅವಳ ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸು, “ಅಕ್ಕಾ, ಹಂಗಲ್ಲ” ಅಂತ ಎಲ್ಲರೆದುರಿಗೇ ಹೇಳುವ ಹುಡುಗಿಯನ್ನು. ಅಕ್ಕ ತಟ್ಟೆ ಸರಿಸಿದರೂ ಅವಳು ಸುಮ್ಮನಾಗಬಾರದು.

ಆ ಉದ್ದ ಮೇಜಿನ ಎದುರು ಕೂತು ನಕ್ಕವರ ಹೆಸರು ನನಗೆ ಬೇಕು. ಆ ಟೈನವನದು, ಆ ಕನ್ನಡಕದವಳದು. ಮರೆತೆ ಅನ್ನಬೇಡ, ಅಂಥವರ ಹೆಸರನ್ನು ಯಾರೂ ಮರೆಯುವುದಿಲ್ಲ. ಅವರಿಗೆ ನಾನೇ ಕಾಗದ ಬರೆಯುತ್ತೇನೆ, ಇಂಗ್ಲಿಷಿನಲ್ಲೇ ಬರೆಯುತ್ತೇನೆ. ಕಳಿಸುವ ಮುಂಚೆ ನಿನ್ನ ಹತ್ತಿರ ಬರುತ್ತದೆ. ತಿದ್ದಿಕೊಡು.

ದೆದೆ